ಕೊಕ್ಕೆಯ ಮೇಲಿನ ಗುಳಿ

ಕಾಲೇಜಿನಲ್ಲಿ ಅವರನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಸಂಬಳದ ಗುಮಾಸ್ತ ಒಬ್ಬನೇ. ಉಳಿದವರಿಗೆಲ್ಲ ಅವರು ಪದರದ ಮೇಷ್ಟ್ರು. ಪ್ಲಾಸ್ಟಿಕ್ ದಾರ ಕರಗಿಸಿ, ಪದರದ ಮೇಲೆ ಪದರ ಕೂರಿಸಿ ವಸ್ತು ಮಾಡುವ ತ್ರೀಡಿ ಪ್ರಿಂಟರಿನ ಪಾಠ ಶುರುವಾದರೆ ಅವರಿಗೆ ಹಸಿವು ನಿದ್ದೆ ಎರಡೂ ಮರೆತುಹೋಗುತ್ತಿತ್ತು. ಅದಕ್ಕೆ ಮುಂಚೆ ಬಹಳ ವರ್ಷ ಫಸ್ಟ್ ಇಯರ್ ಮಕ್ಕಳಿಗೆ ಡ್ರಾಯಿಂಗ್ ಕಲಿಸಿ, ಸೊಟ್ಟ ಗೆರೆ ತಿದ್ದಿ ತಿದ್ದಿ ಸುಸ್ತಾಗಿದ್ದ ಜೀವ ಅದು. ಹೊಸ ಕೋರ್ಸು ಒಂದು ವರ್ಷದ ಪ್ರಯೋಗ ಅಷ್ಟೆ. ವರ್ಷದ ಕೊನೆಗೆ ಹೊರಗಿನಿಂದ ಬರುವ ಪರೀಕ್ಷಕರು ಒಳ್ಳೆಯ ಮಾತು ಬರೆದರೆ ಉಳಿಯಿತು. ಇಲ್ಲದಿದ್ದರೆ ಪ್ರಿಂಟರಿಗೆ ಮುಸುಕು, ಮೇಷ್ಟ್ರಿಗೆ ಮತ್ತೆ ಸೊಟ್ಟ ಗೆರೆ.

ಪ್ರತಿ ಕ್ಲಾಸಿನಲ್ಲೂ ಅವರದು ಒಂದೇ ಮಂತ್ರ. ಪ್ರಿಂಟ್ ಮುಗಿದ ತಕ್ಷಣ ಕೈ ಹಾಕಬೇಡಿ, ಪ್ರಿಂಟರಿನ ತಟ್ಟೆ ಆರಲಿ, ಬಿಸಿ ಪ್ಲಾಸ್ಟಿಕ್ಕು ಮೆತ್ತಗಿರುತ್ತೆ. ಓದೋದು ಶಾಸ್ತ್ರ, ಹಾಕೋದು ಗಾಳ! ಮಾದರಿಗೆಂದು ಗೋಡೆಗೆ ಹಾಕುವ ಕೊಕ್ಕೆಯೊಂದನ್ನು ಮಾಡಿದಾಗ, ನೋಡುವ ಆತುರ ತಡೆಯಲಾರದೆ ತಾವೇ ಬಿಸಿಬಿಸಿ ಕಿತ್ತರು. ಮುಂಭಾಗದಲ್ಲಿ ಹೆಬ್ಬೆರಳಿನ ಗುಳಿ ಬಿತ್ತು. ನಾಚಿಕೊಂಡು ಇನ್ನೊಂದು ಮಾಡಿದರು. ಎರಡನ್ನೂ ಮನೆಗೆ ತಂದು ತೋರಿಸಿದ್ದೇ ತಡ, ಹೆಂಡತಿ ಚೆನ್ನಾಗಿ ಕಂಡದ್ದನ್ನು ಆರಿಸಿ ಅಡುಗೆಮನೆ ಬಾಗಿಲ ಹಿಂದೆ ಸ್ಕ್ರೂ ಹೊಡೆದು ತರಕಾರಿ ಚೀಲ ನೇತುಹಾಕಿಬಿಟ್ಟರು. ಗುಳಿ ಬಿದ್ದದ್ದನ್ನು ಕಾಲೇಜಿಗೆ ಕೊಡಿ, ಆ ಮಕ್ಕಳಿಗೇನು ಗೊತ್ತಾಗುತ್ತೆ ಎಂದರು. ಮನೆಯಲ್ಲಿ ಮೇಷ್ಟ್ರ ಮಾತು ನಡೆಯುವುದು ಅಷ್ಟರಲ್ಲೇ ಇತ್ತು.

ಮಕ್ಕಳ ಕೆಲಸ ಸುಲಭವಾಗಿತ್ತು: ಕಾಲೇಜಿಗೆ ಬಂದ ಆ ಗುಳಿಯ ಕೊಕ್ಕೆಯನ್ನು ಅಳೆದು, ಕಂಪ್ಯೂಟರಿನಲ್ಲಿ ಬರೆದು, ಪ್ರಿಂಟ್ ಮಾಡಿ ತರುವುದು. ಕೊನೆಯ ವಾರ ಮೇಷ್ಟ್ರು ಜ್ವರ ಬಂದು ಮಲಗಿದ್ದರು. ಪರೀಕ್ಷೆಯ ಬೆಳಗ್ಗೆ ಲ್ಯಾಬಿಗೆ ಬಂದು ಟ್ರೇ ಮೇಲೆ ಬಗ್ಗಿ ನೋಡಿದರು. ಸಾಲಾಗಿ ಇಟ್ಟ ಕೊಕ್ಕೆಗಳ ಹಣೆಯ ಮೇಲೆಲ್ಲ ಅವರ ಹೆಬ್ಬೆರಳಿನ ಗುಳಿ. ಹುಡುಗ ಮಹಾರಾಯರು ವರ್ನಿಯರ್ ಅಳತೆಗೋಲು ಹಿಡಿದು ಅದರ ಆಳ, ಅಗಲ, ಓರೆಯನ್ನೆಲ್ಲ ಕರಾರುವಾಕ್ಕಾಗಿ ಅಳೆದಿದ್ದರು. ವರ್ಷವಿಡೀ ಯಾವುದನ್ನೂ ಸರಿಯಾಗಿ ಅಳೆಯದವರು ಇದನ್ನು ಮಾತ್ರ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಅವುಗಳನ್ನು ಎತ್ತಿಡೋಣ ಎನ್ನುವಷ್ಟರಲ್ಲಿ ಪರೀಕ್ಷಕರು ಒಳಗೆ ಬಂದೇಬಿಟ್ಟರು. ಒಂದು ಕೊಕ್ಕೆ ಎತ್ತಿಕೊಂಡು, ಈ ಗುಳಿ ಯಾಕೆ ಎಂದು ಮೊದಲನೆಯವನನ್ನು ಕೇಳಿದರು. ಭಾರ ಒಂದೇ ಕಡೆ ಬೀಳದ ಹಾಗೆ ಹಂಚುವುದಕ್ಕೆ ಎಂದ ಅವನು, ಕಣ್ಣು ಮಿಟುಕಿಸದೆ. ಎರಡನೆಯವನು ಪ್ಲಾಸ್ಟಿಕ್ ಉಳಿಸುವುದಕ್ಕೆ ಎಂದ. ಮೂರನೆಯವನು ಸ್ಕ್ರೂ ಹಾಕುವಾಗ ಹೆಬ್ಬೆರಳು ಇಡಲು ಅನುಕೂಲ ಎಂದ. ಮೇಷ್ಟ್ರಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪರೀಕ್ಷಕರಂತೂ ಹಿಗ್ಗಿ ಹೀರೇಕಾಯಿಯಾಗಿ, ನಾಲ್ಕನೆಯ ಕಾರಣವೊಂದನ್ನು ತಾವೇ ಸೇರಿಸಿ, ಇಷ್ಟು ಯೋಚನೆ ಮಾಡಿ ಕಲಿಸುವ ಮೇಷ್ಟ್ರನ್ನು ನೋಡಿಯೇ ಇರಲಿಲ್ಲ ಎಂದರು. ಕೋರ್ಸು ಉಳಿಯಿತು ಅಂದುಕೊಳ್ಳಿ ಎಂದು ಪೆನ್ನು ತೆಗೆದರು. ಮೇಷ್ಟ್ರು ತಲೆಯಾಡಿಸಿದರು. ಅರ್ಧ ಮಾತ್ರ ಆಡಿಸಿದರು ಎನ್ನಬೇಕು, ಆದರೂ ಆಡಿಸಿದ್ದು ಆಡಿಸಿದ್ದೇ.

ಕೊನೆಗೆ ಉಳಿದವಳು ಯಾಕಮ್ಮ. ಎಲ್ಲದಕ್ಕೂ ಯಾಕೆ ಎನ್ನುತ್ತಾಳೆಂದು ಕ್ಲಾಸಿನವರು ಇಟ್ಟ ಹೆಸರು. ಅವಳು ಟ್ರೇಗೆ ಹಾಕದೆ ಕೈಯಲ್ಲೇ ಹಿಡಿದಿದ್ದ ಕೊಕ್ಕೆ ಸಪಾಟಾಗಿತ್ತು.

"ನಿನ್ನದರಲ್ಲಿ ಗುಳಿ ಎಲ್ಲಮ್ಮ?" ಎಂದರು ಪರೀಕ್ಷಕರು.

"ಹಾಕಿಲ್ಲ ಸರ್. ಅದು ಯಾಕಿದೆ ಅಂತ ಎಲ್ಲರನ್ನೂ ಕೇಳಿದೆ, ಯಾರಿಗೂ ಗೊತ್ತಿರಲಿಲ್ಲ. ನಮ್ಮ ಸರ್‌ನ ಕೇಳೋಣ ಅಂದ್ರೆ ಅವರಿಗೆ ಜ್ವರ. ಯಾಕೆ ಅಂತಾನೇ ಗೊತ್ತಿಲ್ಲದ್ದನ್ನ ಹೇಗೆ ಹಾಕ್ಲಿ?"

ಪರೀಕ್ಷಕರ ಮುಖ ಗಂಟಾಯಿತು. ಮಾದರಿಯ ಮುಖ್ಯ ಭಾಗವನ್ನೇ ಬಿಟ್ಟಿದ್ದೀಯ, ಪಾಸು ಮಾಡುವುದು ಕಷ್ಟ ಎಂದರು. ಹುಡುಗಿ ಅಳಲಿಲ್ಲ, ತನ್ನ ಕೊಕ್ಕೆಯನ್ನು ತಿರುಗಿಸಿ ನೋಡಿದಳು, ತಪ್ಪು ತನ್ನದೇ ಇರಬಹುದೇನೋ ಎಂಬಂತೆ. ಮೇಷ್ಟ್ರು ಅವಳನ್ನೇ ನೋಡಿದರು. ಇಡೀ ಕ್ಲಾಸಿನಲ್ಲಿ ಪಾಠ ಕಲಿತವಳು ಇವಳೊಬ್ಬಳೇ, ಫೇಲಾಗುವವಳೂ ಇವಳೇ. ಸೊಟ್ಟ ಗೆರೆಗಳು ಕಣ್ಣ ಮುಂದೆ ಸಾಲುಗಟ್ಟಿ ಬಂದವು. ಬರಲಿ ಎಂದುಕೊಂಡು ಮೇಜಿನ ಹತ್ತಿರ ಹೋಗಿ, ಮಾದರಿಯ ಗುಳಿಯಲ್ಲಿ ಹೆಬ್ಬೆರಳು ಇಟ್ಟರು. ಅಚ್ಚು ಹೊಯ್ದಂತೆ ಕೂತಿತು.

"ಬಿಸಿ ಇರುವಾಗಲೇ ಕಿತ್ತೆ ಸರ್. ಇದಕ್ಕೆ ಇರೋದು ಅದೊಂದೇ ಕಾರಣ."

ನಾಲ್ಕನೆಯ ಕಾರಣ ಕೊಟ್ಟಿದ್ದ ಪರೀಕ್ಷಕರು ಕೆಮ್ಮಿದರು, ಕನ್ನಡಕ ಒರೆಸಿಕೊಂಡರು. ಆಮೇಲೆ ಭುಜ ಕುಲುಕತೊಡಗಿತು. ನಗು ನಿಂತ ಮೇಲೆ ಹುಡುಗಿಗೆ ಎಲ್ಲರಿಗಿಂತ ಹೆಚ್ಚು ಅಂಕ ಹಾಕಿ, ಕೋರ್ಸಿನ ಬಗ್ಗೆ ಒಂದೇ ಸಾಲು ಬರೆದರು: ಇನ್ನೊಂದು ವರ್ಷ ಮುಂದುವರಿಸಿ, ಮೇಷ್ಟ್ರಿಗೆ ಅಭ್ಯಾಸ ಸಾಲದು.

ಸಂಜೆ ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಒರಗಿ ನಿಂತು ಮೇಷ್ಟ್ರು ಎಲ್ಲ ಹೇಳಿದರು. ಒಳ್ಳೆಯ ಕೊಕ್ಕೆ ನೀನು ಹಾರಿಸದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ ಎಂದು, ಅದನ್ನಾದರೂ ಕಣ್ತುಂಬ ನೋಡೋಣವೆಂದು ತರಕಾರಿ ಚೀಲ ಎತ್ತಿದರು. ಕೊಕ್ಕೆಯ ಪಕ್ಕೆಯಲ್ಲೇ, ಬಾಗಿಲ ಸಂದಿಯ ಕಡೆ, ಒಂದು ಗುಳಿ ಇತ್ತು. ಮೆಲ್ಲಗೆ ಹೆಬ್ಬೆರಳು ಇಟ್ಟು ನೋಡಿದರು. ಕೂತಿತು.

"ಇದು ಯಾವಾಗಿಂದ ಇದೆ?"

"ಮೊದಲ ದಿನದಿಂದಾನೂ ಇದೆ ರೀ," ಎಂದರು ಹೆಂಡತಿ, ಚೀಲ ಇಸಿದುಕೊಳ್ಳುತ್ತ. "ನೀವು ಓದಿದವರು, ಏನೋ ಕಾರಣಕ್ಕೆ ಇಟ್ಟಿರ್ತೀರಿ ಅಂದ್ಕೊಂಡೆ."