ಕೋಟೆಯ ಬಾಗಿಲು

ರಾತ್ರಿ ಹನ್ನೊಂದರ ಮೇಲೆ ಟಕ್ ಎಂದಿತು. ಮತ್ತೆ ಟಕ್.

ಬೀಗ ಬಿದ್ದಿದೆಯೇ ಎಂದು ಮೂರು ಸಲ ನೋಡಿ ಮಲಗುವವಳು ನಾನು. ಎದ್ದು ಕ್ವಾರ್ಟರ್ಸಿನ ಕಿಟಕಿಯ ಪರದೆ ಸರಿಸಿದೆ. ಶಾಲೆಯ ಅಂಗಳದಲ್ಲಿ, ಮರುದಿನದ ನಾಟಕಕ್ಕೆ ನಿಲ್ಲಿಸಿದ್ದ ಹಲಗೆಯ ಕೋಟೆಯ ಹಿಂದೆ, ಟಾರ್ಚಿನ ಬೆಳಕು. ವಂಬುಯಿ ಕೋಟೆಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿ, ತೆಗೆದು ನೋಡುತ್ತಿದ್ದಳು. ಸಂಜೆಯವರೆಗೂ ಆ ಬಾಗಿಲಿಗೆ ಚಿಲಕವಿರಲಿಲ್ಲ.

ನಾನು ಪರದೆ ಬಿಟ್ಟೆ.

ಕರೆನ್ ಎಂಬ ಈ ಪರದೇಶದ ಬಡಾವಣೆಯ ಶಾಲೆಯಲ್ಲಿ ನಾನು ಇತಿಹಾಸ ಕಲಿಸುತ್ತೇನೆ. ವಂಬುಯಿ ಹನ್ನೆರಡು ವರ್ಷದಿಂದ ನೆಲ ಒರೆಸುತ್ತಾಳೆ. ಇಲ್ಲಿನ ಜುಲೈ ಚಳಿಯ ಒಂದು ಬೆಳಿಗ್ಗೆ ಮಟಾಟು ವ್ಯಾನು ಅವಳನ್ನು ಅರ್ಧದಾರಿಯಲ್ಲೇ ಇಳಿಸಿತು. ಕೆಸರಿನಲ್ಲಿ ನಡೆದು ಬಂದಳು. ಹೊಸದಾಗಿ ಪಾಲಿಶ್ ಮಾಡಿದ ಹಾಲ್‌ನ ನೆಲದಲ್ಲಿ ಅವಳ ಬೂಟಿನ ಗುರುತು ಬಿತ್ತು. ಡೈರೆಕ್ಟರ್ ವಿಶ್ವನಾಥ ಬೂಟು ಬಿಚ್ಚಿಸಿ ತಮ್ಮ ಕೋಣೆಯಲ್ಲಿಟ್ಟುಕೊಂಡರು.

"ಹೊರಗೆ ನಿಂತಿರು. ನಾನು ಕರೆಯುವವರೆಗೂ ಅಲ್ಲಾಡಬೇಡ."

ಕರೆದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಬೂಟು ಮಾತ್ರ ಕೊಡಲಿಲ್ಲ. ಅಲ್ಲಿಯವರೆಗೆ ಅವಳು ಮಳೆಯಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಮಕ್ಕಳು ಕಿಟಕಿಯಿಂದ ನೋಡಿದರು. ನಾನೂ ನೋಡಿದೆ. ನನ್ನ ವರ್ಕ್ ಪರ್ಮಿಟ್ಟಿನ ಅರ್ಜಿ ಅವರ ಸಹಿಗೆ ಕಾದಿತ್ತು. ಪಾಠಕ್ಕೆ ತಿರುಗಿದೆ.

ಅವಳು ಒಂದು ವಾರ ಜ್ವರದಲ್ಲಿ ಮಲಗಿದಳು. ತಿರುಗಿ ಬಂದಾಗ ಡೈರೆಕ್ಟರ್, ನಾಟಕ ಮುಗಿದ ಮೇಲೆ ಕೆಲಸಕ್ಕೆ ಬರಬೇಡ ಎಂದರು.

ಆ ದಿನಗಳಲ್ಲೇ ನಾನು ಮಧ್ಯಯುಗದ ಯುರೋಪಿನ ಪಾಠ ಮಾಡುತ್ತಿದ್ದೆ. ಪೋಪ್ ಗ್ರೆಗರಿ ಜರ್ಮನಿಯ ರಾಜ ಹೆನ್ರಿಯನ್ನು ಚರ್ಚಿನಿಂದ ಹೊರಹಾಕಿದ. ಆಮೇಲೆ ರಾಜನ ಸರದಾರರೇ ಅವನ ಮಾತು ಕೇಳಲಿಲ್ಲ. ಕ್ಷಮೆ ಬೇಡಿ ಅವನು ಪೋಪ್ ತಂಗಿದ್ದ ಕೋಟೆಯ ಬಾಗಿಲಲ್ಲಿ ಮೂರು ದಿನ, ಹಿಮದಲ್ಲಿ, ಬರಿಗಾಲಲ್ಲಿ ನಿಂತ.

ಹಿಂದಿನ ಬೆಂಚುಗಳ ನಡುವೆ ಗುಡಿಸುತ್ತಿದ್ದ ವಂಬುಯಿ ಮಕ್ಕಳು ಹೋದ ಮೇಲೆ ಕೇಳಿದಳು.

"ಮ್ವಾಲಿಮು, ಆ ರಾಜನಿಗೆ ಜ್ವರ ಬಂತಾ?"

ಮ್ವಾಲಿಮು ಎಂದರೆ ಟೀಚರು. "ಪುಸ್ತಕದಲ್ಲಿ ಬರೆದಿಲ್ಲ," ಎಂದೆ.

"ಆಮೇಲೂ ರಾಜನಾಗಿಯೇ ಉಳಿದನಾ?"

"ಉಳಿದ. ಏಳು ವರ್ಷದ ಮೇಲೆ ದಂಡು ಕಟ್ಟಿಕೊಂಡು ಹೋಗಿ ಆ ಪೋಪನನ್ನೇ ಓಡಿಸಿದ."

ಅವಳು ಪೊರಕೆ ಕುಟ್ಟಿ ಕಸ ಉದುರಿಸಿದಳು. "ಹಾಗಾದರೆ ಬಾಗಿಲು ಬೇಗ ತೆಗೆದುಬಿಟ್ಟರು."

ಇದೇ ಕತೆ ವಾರ್ಷಿಕೋತ್ಸವದ ನಾಟಕವಾಯಿತು. ಕಿರೀಟ ಕಂಡದ್ದೇ ವಿಶ್ವನಾಥರು, "ರಾಜ ನಾನೇ ಆಗ್ತೀನಿ ಮೇಡಂ," ಎಂದರು. "ನಿಮ್ಮ ಮೂರು ದಿನ ಗಿನ ಎಲ್ಲ ಕಟ್ ಮಾಡಿ. ನಾನು ತಟ್ಟಿದ ಕೂಡ್ಲೆ ಬಾಗಿಲು ತೆಗೀಬೇಕು, ಪೋಪ್ ಬಂದು ಕಿರೀಟ ಹಾಕ್ಬೇಕು. ಪೇರೆಂಟ್ಸು ಫೋಟೊ ತೆಗೀತಾರೆ."

ಬಾಗಿಲು ತೆಗೆಯುವ ಕೆಲಸವನ್ನು ಅವರೇ ವಂಬುಯಿಗೆ ಕೊಟ್ಟಿದ್ದರು.

ನಾಟಕದ ದಿನ ಜಿಟಿಜಿಟಿ ಮಳೆ. ಪೋಷಕರು ಶಾಮಿಯಾನದ ಕೆಳಗಿದ್ದರು. ರಾಜ ಬರಿಗಾಲಲ್ಲಿ ಬಂದು ಬಾಗಿಲು ತಟ್ಟಿದ. ಒಳಗೆ, ನನ್ನ ಪಕ್ಕದಲ್ಲಿ, ವಂಬುಯಿ ಸ್ಟೂಲಿನ ಮೇಲೆ ಕುಳಿತು ಚಿಲಕದ ಮೇಲೆ ಕೈಯಿಟ್ಟಿದ್ದಳು. ಬಾಗಿಲು ತೆರೆಯಲಿಲ್ಲ. ರಾಜ ಮತ್ತೆ ತಟ್ಟಿದ. ಜನ ಚಪ್ಪಾಳೆ ಹೊಡೆದರು.

"ಮೇಡಂ, ಡೋರು," ಹಲಗೆಯ ಸಂದಿಯಿಂದ ರಾಜನ ಪಿಸುದನಿ ಬಂತು.

ಪೋಪನ ವೇಷದಲ್ಲಿದ್ದ ಸಂಗೀತದ ಮೇಷ್ಟ್ರು ಆಂಡ್ರ್ಯೂ ಚಿಲಕ ನೋಡಿದರು, ನನ್ನನ್ನು ನೋಡಿದರು. ಮಂಗಳೂರಿನವರು.

"ಅವ ಮೂರು ದಿನ ನಿಂತದ್ದಲ್ವಾ ಮಾರಾಯ್ರೆ? ಇನ್ನು ಮೂರು ನಿಮಿಷ ಸಹ ಆಗ್ಲಿಲ್ಲ."

ಸನ್ಯಾಸಿಗಳಾಗಿದ್ದ ಏಳು ಮಕ್ಕಳು ಬಾಯಿ ಮುಚ್ಚಿಕೊಂಡು ನಕ್ಕರು. ನಾನು ಸ್ಕ್ರಿಪ್ಟಿನ ಹಾಳೆ ತಿರುವಿದೆ, ಮತ್ತೆ ಹಿಂದಕ್ಕೆ ತಿರುವಿದೆ.

ಮಳೆ ಜೋರಾಯಿತು. ಸಂದಿಯಲ್ಲಿ ವಿಶ್ವನಾಥರ ಪಾದಗಳು ಕಂಡವು. ಒಂದರ ಮೇಲೊಂದು ಹೇರಿಕೊಂಡು ನಿಂತಿದ್ದರು, ಬೆರಳು ಬಿಳಿಚಿಕೊಂಡಿದ್ದವು. ಬಿಟ್ಟು ಹೋಗುವಂತಿರಲಿಲ್ಲ, ಇನ್ನೂರು ಫೋನುಗಳು ಅವರತ್ತ ತಿರುಗಿದ್ದವು. ನಾನು ಆ ಪಾದಗಳನ್ನು ಕಣ್ತುಂಬ ನೋಡಿದೆ. ನನಗೆ ಸಾಕೆನಿಸಲಿಲ್ಲ.

"ಪ್ಲೀಸ್," ಎಂದರು ಹೊರಗಿನಿಂದ. "ಯಾರಾದ್ರೂ, ಪ್ಲೀಸ್."

"ನಾನು ಕರೆಯುವವರೆಗೂ ಅಲ್ಲಾಡಬೇಡ," ಎಂದು ವಂಬುಯಿ ಹಲಗೆಗೆ ಮಾತ್ರ ಕೇಳುವಂತೆ ಹೇಳಿದಳು.

ಇಪ್ಪತ್ತು ನಿಮಿಷದ ಮೇಲೆ ಚಿಲಕ ಸರಿಸಿದಳು. ಪರದೆ ಬಿದ್ದದ್ದೇ ಸ್ಕ್ರೂ ಬಿಚ್ಚಿ ಚಿಲಕವನ್ನು ನನ್ನ ಕೈಗಿಟ್ಟಳು. ಡೈರೆಕ್ಟರ ಕೋಣೆಗೆ ಹೋಗಿ ತನ್ನ ಬೂಟು ತೆಗೆದುಕೊಂಡು, ಹಾಕಿಕೊಂಡು, ಪಾಲಿಶ್ ಹಾಲ್‌ನ ನಟ್ಟನಡುವೆ ನಡೆದು ಹೋದಳು.

ಮರುದಿನ ವಿಶ್ವನಾಥರು ಕಂಬಳಿ ಹೊದ್ದು ಕುಳಿತಿದ್ದರು. ನನ್ನ ಫೈಲು ಮುಂದಿತ್ತು.

"ಅವಳು ಚಿಲಕ ಹಾಕಿದ್ಲು ಅಂತ ನೀವೊಂದು ಮಾತು ಹೇಳಿ. ಪೊಲೀಸ್ರಿಗೆ ಕೊಡ್ತೀನಿ. ನಿಮ್ಮ ಪರ್ಮಿಟ್ಟೂ ಇವತ್ತೇ ಸೈನ್ ಮಾಡ್ತೀನಿ."

"ಮಳೆಗೆ ಹಲಗೆ ಉಬ್ಬಿತ್ತು ಸರ್."

"ಆಂಡ್ರ್ಯೂನೂ ಹಂಗೇ ಅಂದ. ಆ ಏಳು ಮಕ್ಕಳೂ ಹಂಗೇ ಅಂದ್ವು."

"ಉಬ್ಬಿತ್ತು ಸರ್."

ಅವರು ಸೀನಿದರು. ಫೈಲು ಮುಚ್ಚಿ ಪಕ್ಕಕ್ಕೆ ತಳ್ಳಿದರು.

ಚಿಲಕ ನನ್ನ ಕೈಚೀಲದಲ್ಲೇ ಇತ್ತು. ಸಹಿ ಬೀಳಲಿ, ಬೀಳದಿರಲಿ, ಯಾರಿಗೂ ಹೇಳುವುದಿಲ್ಲ ಎಂದುಕೊಂಡು ಕೋಣೆಯಿಂದ ಹೊರಗೆ ಬಂದೆ.