ಕೊನೆಯ ಸಾಲು

“ಹಾಕ್ಲಾ ತಾತಾ?”

“ಕೇಳೋದೇನು, ಹಾಕು!”

ಪುಸ್ತಕಗಳಿಗೆ ರಟ್ಟು ಕಟ್ಟುತ್ತಲೇ ಮುದುಕರಾದ ತಾತ ಕುರ್ಚಿಯ ತುದಿಗೆ ಸರಿದರು. ಮೊಮ್ಮಗಳು ಅಂದು ಪವರ್ ಕಂಡೀಷನರ್ ತಂದಿದ್ದಳು. ಗೋಡೆಯ ಕರೆಂಟನ್ನು ಸೋಸಿ ಕೊಡುವ ಕಪ್ಪು ಪೆಟ್ಟಿಗೆ.

ತೀರಿಹೋದ ಅಜ್ಜಿಯ ದನಿ ಉಳಿದಿದ್ದುದು ಒಂದೇ ಕ್ಯಾಸೆಟ್ಟಿನಲ್ಲಿ. ಅದರಲ್ಲಿದ್ದುದು ಆಕೆಯೇ ಕಟ್ಟಿದ ಪ್ರಾರ್ಥನೆ. ಆಕೆ ಇದ್ದಾಗ ಕಲಿಯಬೇಕೆಂದು ಯಾರಿಗೂ ತೋಚಲಿಲ್ಲ. ದನಿ ತಗ್ಗಿಸಿ ಹಾಡಿದ ಕೊನೆಯ ಸಾಲನ್ನು ಸ್ಪೀಕರಿನ ಗುಂಯ್ ಸದ್ದು ನುಂಗುತ್ತಿತ್ತು. ತಾತ ದಿನಾ ಬೆಳಿಗ್ಗೆ ಕೈಮುಗಿದು ಹಾಡಿ, ಆ ಸಾಲು ಬಂದಾಗ “ಊಂ ಊಂ” ಎನ್ನುತ್ತಿದ್ದರು.

“ದೇವರಿಗೂ ಕುತೂಹಲ ಇರುತ್ತೆ ತಾತಾ, ಅಲ್ಲೇನಿದೆ ಅಂತ.”

“ಬಾಯಿ ಮುಚ್ಚಿ ಗುಂಡಿ ಒತ್ತೇ!”

ಒತ್ತಿದಳು. ಗುಂಯ್! ಕೂದಲೆಳೆಯಷ್ಟೂ ತಗ್ಗಿರಲಿಲ್ಲ. ತಾತನ ಮುಖ ಬಾಡಿತು.

ಮೊಮ್ಮಗಳು ನೆಲದ ಮೇಲೆ ಬೋರಲಾಗಿ ತಂತಿಗಳ ಜಾಡು ಹಿಡಿದಳು. “ಆಂಪ್ಲಿಫೈಯರ್ ಪ್ಲಗ್ಗು ಈ ಪೆಟ್ಟಿಗೇಲಿದೆ. ಟೇಪಿನದು ಮಾತ್ರ ಬೀರುವಿನ ಹಿಂದಿನ ಗೋಡೇಲೇ ಇದೆಯಲ್ಲ! ಎರಡೂ ಒಂದೇ ಕಡೆಯಿಂದ ಕರೆಂಟು ತಗೊಂಡ್ರೇನೇ ಸದ್ದು ಹೋಗೋದು. ಎಲ್ಲಾನೂ ಪೆಟ್ಟಿಗೆಗೆ ಹಾಕಿ ಅಂತ ಹೇಳಿದ್ದೆ ತಾನೆ?”

“ಅದನ್ನ ಮುಟ್ಟಬೇಡ.”

“ಯಾಕೆ?”

“ಅದು ನಿಮ್ಮಜ್ಜಿ ಹಾಕಿದ್ದು. ಧೂಳು ಹೊಡೆಯೋವಾಗ್ಲೂ ನಾನು ಕಿತ್ತಿಲ್ಲ.”

ಮೊಮ್ಮಗಳು ಎದ್ದು ಕೂತಳು. ನಗಲಿಲ್ಲ. “ಹಾಗಾದ್ರೆ ನೀವೇ ತೆಗೀರಿ ತಾತಾ. ನಾನು ಮುಟ್ಟಲ್ಲ.”

ತಾತ ಎದ್ದು ಬೀರುವಿನ ಬಳಿಗೆ ಹೋದರು. ಆಮೇಲೆ ಮಂಡಿ ಹಿಡಿದುಕೊಂಡು ಬಗ್ಗಿದರು. ಪ್ಲಗ್ಗು ಬಿಗಿಯಾಗಿತ್ತು. ಅದನ್ನು ಕಿತ್ತಾಗ ಅವರ ತುಟಿ ಏನೋ ಹೇಳಿತು, ಕ್ಷಮೆಯೋ ಜಪವೋ. ಪೆಟ್ಟಿಗೆಗೆ ತಾವೇ ಚುಚ್ಚಿದರು.

“ಈಗ ಹಾಕು, ಹಾಕು!”

ಗುಂಯ್ ಎನ್ನುವುದು ಎಲ್ಲಿಯೂ ಇರಲಿಲ್ಲ. ಪಾತ್ರೆ ಇಟ್ಟ ಸದ್ದು, ಸೆರಗು ಸರಿದ ಸದ್ದು, ಉಸಿರು ಎಳೆದುಕೊಂಡದ್ದು. ಆಮೇಲೆ ಅಜ್ಜಿ ಪಕ್ಕದಲ್ಲೇ ನಿಂತ ಹಾಗೆ ಹಾಡಿದಳು. ಮೊಮ್ಮಗಳು ತಾತನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ಬಂತು ತಾತಾ, ಬಂತು, ಈಗ್ಲೇ...”

“ಶ್!”

*ಮೊದಲು ನನ್ನ ಕರೆದುಕೋ ತಂದೆ, ಅವರ ನಂತರ ಇರಲಾರೆ.*

ಮೊಮ್ಮಗಳ ಹಿಡಿತ ಸಡಿಲವಾಯಿತು. ತಾತ ಕಣ್ಣು ಮುಚ್ಚಿ, ಮಗ್ಗಿ ಕಲಿಯುವ ಹುಡುಗನಂತೆ, ಆ ಸಾಲನ್ನು ತುಟಿಯಲ್ಲೇ ಒಮ್ಮೆ ಹೇಳಿ ನೋಡಿದರು. ತಾಳಕ್ಕೆ ಸರಿಹೋಯಿತು. ಕ್ಯಾಸೆಟ್ಟು ಸುತ್ತುತ್ತಲೇ ಇತ್ತು. ಅಜ್ಜಿ ಒಲೆ ಆರಿಸಿದ್ದು, ನೀರು ಸುರಿದದ್ದು, ಹೆಜ್ಜೆ ದೂರವಾದದ್ದು ಒಂದೊಂದಾಗಿ ಕೇಳಿಸಿತು.