ತೊಂಬತ್ತೇಳರಲ್ಲಿ ಒಬ್ಬಳು

"ಏ ಡಿಗ್ರಿ ರಂಡೇ, ಕೈ ಆಡಸು! ಹಳದಿ ಹತ್ತಿ ಬಿಳೀದರಾಗ ಹೊಂಟೈತಿ, ಕಣ್ಣೇನು ಮನ್ಯಾಗ ಇಟ್ಟು ಬಂದೀಯೇನು?"

ಮೇಸ್ತ್ರಿ ಉಚ್ಚೀರಪ್ಪ ನನ್ನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಆದೋನಿಯ ಈ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಆರಿಸುವ ಹಳೇ ಹೆಂಗಸರಿಗೆ ಹೆಸರುಗಳಿವೆ. ಮಿಲ್ಲಿನ ಸಾಹುಕಾರ ಭೀಮಲಿಂಗಪ್ಪನದೇ ಕಾಲೇಜಿನಲ್ಲಿ ಓದಿ ಇಲ್ಲಿಗೆ ಬಂದುಬಿದ್ದ ನಮಗೆಲ್ಲ ಸೇರಿ ಒಂದೇ ಹೆಸರು: ಡಿಗ್ರಿ.

"ಏಳು, ಮಾರಿ ತೊಳಕ. ಕಾಲೇಜಿನ್ಯಾಗ ಕರದಾರ. ಗಿರಾಕಿ ಬಂದಾವಂತ."

ಕಾಲೇಜು ಗೋಡೆಯ ಆಚೆಗಿದೆ. ಹೊಸ ಹತ್ತಿಯ ಕಾಲ ಬಂದರೂ ಅಲ್ಲಿ ಈ ವರ್ಷದ ಸೀಟುಗಳು ಇನ್ನೂ ತುಂಬಿರಲಿಲ್ಲ. ಅಡ್ಮಿಶನ್ ನೋಡಿಕೊಳ್ಳುವ ಉದಯಕುಮಾರ್ ನನ್ನ ಕೂದಲಿನಿಂದ ಹತ್ತಿಯ ಎಳೆ ಕಿತ್ತು, ಕೊರಳಿಗೊಂದು ಕಾರ್ಡು ತೂಗುಹಾಕಿದ. 'ಮಲ್ಲೇಶ್ವರಿ, ಬಿ.ಕಾಂ. ಕ್ವಾಲಿಟಿ ಎಕ್ಸಿಕ್ಯೂಟಿವ್.'

"ನಗು. ಕೇಳಿದ್ದಕ್ಕಷ್ಟ ಮಾತಾಡು."

ಎದುರಿಗೆ ಉರುಕುಂದದ ಕಡೆಯ ಕುರಿಗಾರ ಸುಂಕಪ್ಪ, ಹೆಗಲ ಮೇಲೆ ಕಂಬಳಿ. ಪಕ್ಕದಲ್ಲಿ ಮಗಳು ಶಿರೀಷಾ. ಎರಡು ಕಾಲೇಜುಗಳ ಅಂಕಿಗಳನ್ನು ಫೋನಿನಲ್ಲಿ ತೆರೆದಿಟ್ಟುಕೊಂಡೇ ಬಂದಿದ್ದಳು.

"ಆಲೂರು ಕಾಲೇಜಿನೋರು ನೌಕರಿ ಸಿಕ್ಕಿದ್ದು ಮೂವತ್ತೆರಡು ಪರ್ಸೆಂಟ್ ಅಂತ ಹಾಕ್ಯಾರಪ್ಪ. ಯಾರು ಎಲ್ಲಿ ನೌಕರಿ ಮಾಡ್ತಾರ ಅಂತ ಹೆಸರು ಸಮೇತ ಐತಿ. ಇವರು ಬರೇ ತೊಂಬತ್ತೇಳು ಅಂತಾರ, ಹೆಸರಿಲ್ಲ."

"ಪಾಸಿಗೆ ಮೂವತ್ತೈದು ಬೇಕಲ್ಲಬೇ," ಎಂದ ಸುಂಕಪ್ಪ. "ಮೂವತ್ತೆರಡು ಅಂದ್ರ ಆ ಕಾಲೇಜ ಫೇಲಾಗೇತಿ. ಅದು ನಿನ್ನ ಹೆಂಗ ಪಾಸ್ ಮಾಡತೈತಿ?"

ಉದಯಕುಮಾರ್ ಮೇಜು ಬಡಿದು ನಕ್ಕ. "ಅದು ಮಾತಂದ್ರ, ಹಿರಿಯಾ! ನೀ ಖರೇ ಬುದ್ಧಿವಂತ. ನಮ್ಮಲ್ಲಿ ನೂರಕ್ಕ ತೊಂಬತ್ತೇಳು ಮಂದಿಗೆ ನೌಕರಿ. ಇಕಾ, ಈಕಿನ್ನ ನೋಡು."

"ಏನ್ ಕೆಲಸ ಮಾಡ್ತಿ ಅಕ್ಕಾ?" ಶಿರೀಷಾ ಕೇಳಿದಳು.

ಮೇಜಿನ ಕೆಳಗೆ ಉದಯಕುಮಾರನ ಬೂಟು ನನ್ನ ಪಾದ ತುಳಿಯಿತು.

"ಗ್ವಾಡಿ ಆಚೀಗೆ ಹತ್ತಿ ಆರಸ್ತೀನಿ," ಎಂದೆ. "ದಿನಗೂಲಿ. ಅವರ ತೊಂಬತ್ತೇಳರಾಗ ನಾನೂ ಒಬ್ಬಾಕಿ. ನನ್ನ ಜೋಡಿ ಓದಿದೋರೂ ಅಲ್ಲೇ ಅದಾರ."

ಸುಂಕಪ್ಪ ಈಗ ಎದ್ದಾನು, ಉಗಿದಾನು ಎಂದು ಕಾದೆ. ಅವನು ಕಂಬಳಿಯನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

"ಅಂದ್ರ ಕೆಲಸ ಕೊಡೋದು ಖರೇ ಐತಲ್ಲ ಯವ್ವಾ? ಅದೂ ನೆಳ್ಳಾಗ. ಬಿಸಲಾಗ ಕುರಿ ಹಿಂದ ತಿರಗೋದಕ್ಕಿಂತ ಚಲೋ ಅಲ್ಲೇನು? ಸಾರ್, ಹೆಬ್ಬಟ್ಟು ಎಲ್ಲಿ ಒತ್ತಲಿ?"

"ಅಪ್ಪಾ, ನಾ ಒಲ್ಲೆ."

"ಸುಮ್ಕಿರಬೇ. ದೊಡ್ಡೋರು ಮಾತಾಡಾಕ ಹತ್ತೀವಿ."

ಉದಯಕುಮಾರ್ ಮಸಿಯ ಡಬ್ಬಿ ಮುಂದೆ ತಳ್ಳಿದ. ಸುಂಕಪ್ಪ ಹೆಬ್ಬೆಟ್ಟು ಅದ್ದಿದ. ನಾನು ಶಿರೀಷಾಳ ಮುಂಗೈ ಹಿಡಿದು ಎಳೆದುಕೊಂಡೇ ಹೊರಬಿದ್ದೆ.

"ಏಯ್ ಸೂಳೇ, ಎಲ್ಲಿಗೆ ಕರಕಂಡು ಹೊಂಟಿ ಆಕಿನ್ನ!" ಉದಯಕುಮಾರ್ ಹಿಂದೆ ಓಡಿಬಂದ. ಅವನ ಹಿಂದೆ ಸುಂಕಪ್ಪ, ಮಸಿ ಹತ್ತಿದ ಹೆಬ್ಬೆಟ್ಟನ್ನು ಪಂಚೆಗೆ ತಾಗದಂತೆ ಎತ್ತಿ ಹಿಡಿದು.

ಮಿಲ್ಲಿನೊಳಗೆ ಬೆಲ್ಟು ಹರಿದು ಮಷೀನು ನಿಂತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡ ಹುಡುಗಿಯರು ಹತ್ತಿಯ ಗುಡ್ಡೆಗಳ ನಡುವೆ ಕುಳಿತಿದ್ದರು.

"ಏನು ಓದೀರಿ ಅಂತ ಇವರಿಗೆ ಹೇಳ್ರೇ!" ಎಂದು ಕೂಗಿದೆ.

ಎಲ್ಲರೂ ಉಚ್ಚೀರಪ್ಪನನ್ನೇ ನೋಡಿದರು. ಕೊನೆಗೆ ಹರಿತಾ ಬಟ್ಟೆಯನ್ನು ಗದ್ದದ ಕೆಳಗೆ ಎಳೆದಳು.

"ಬಿ.ಎಸ್ಸಿ. ಮ್ಯಾತ್ಸು."

"ಬಿ.ಕಾಂ.," ಅವಳ ಹಿಂದಿನಿಂದ ಇನ್ನೊಬ್ಬಳು.

"ನಂದೂ ಬಿ.ಕಾಂ., ಕಂಪ್ಯೂಟರು. ಫಸ್ಟ್ ಕ್ಲಾಸು. ನಿನ್ನೆ ಬಂದೀನಿ."

"ಹಾಕಲೇ ಸ್ವಿಚ್ಚು!" ಉಚ್ಚೀರಪ್ಪ ಅರಚಿದ. ಹೊಸ ಬೆಲ್ಟು ಕಟ್ಟಿ ಮುಗಿಸಿದವನು ಹಿಂದೆ ಸರಿದ. ಮಷೀನು ಗುಡುಗಿತು, ಧೂಳೆದ್ದಿತು. ಹುಡುಗಿಯರು ಎದ್ದು ನಿಂತು ಕೂಗುತ್ತಲೇ ಇದ್ದರು. ಬಾಯಿಗಳು ಮಾತ್ರ ಕಾಣುತ್ತಿದ್ದವು.

ಏನೂ ಕೇಳಿಸದೆ ಸುಂಕಪ್ಪ ಕಿವಿಗೆ ಕೈ ಹಚ್ಚಿ ಮುಂದೆ ಬಾಗಿದ. ಹೆಬ್ಬೆಟ್ಟಿನ ಮಸಿ ಅವನ ಕೆನ್ನೆಗೆ ಒತ್ತಿಕೊಂಡಿತು. ನಾನು ಬಾಯಿ ತೆರೆದೆ. ಹತ್ತಿಯ ಧೂಳು ಗಂಟಲಿಗಿಳಿಯಿತು. ಮತ್ತೆ ಕೂಗಿದೆ.